ಅಗ್ಗಕ್ಕೆ ಸಿಗುವ ಸೈಟಿನ ಕೆಳಗೆ ಏನಿದೆ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಪಾಪ, ಅವರ ಕಾಲಕ್ಕೆ ನೆಲದ ಮೇಲಿನ ತಾಪತ್ರಯ ಮಾತ್ರ ಇತ್ತು. ನೆಲದೊಳಗೆ ಏನು ಹರಿಯುತ್ತಿದೆ ಎಂದು ನೋಡಿಕೊಂಡು ಪಾಯ ತೋಡಬೇಕಾದ ಕಾಲ ನಮ್ಮದು.

ಈ ವಿಷಯ ನನಗೂ ಗೊತ್ತಿರಲಿಲ್ಲ. ಕಳೆದ ವರ್ಷ ನನ್ನ ತಂಗಿ ಫೋನ್ ಮಾಡಿ, “ಅಕ್ಕಾ, ವೈಟ್‌ಫೀಲ್ಡ್‌ನಿಂದ ಸ್ವಲ್ಪ ಆಚೆ, ಹೊಸಕೋಟೆ ಕಡೆ ಒಂದು ಸೈಟು ಇದೆ. ಮೂವತ್ತು ನಲವತ್ತು. ಪಕ್ಕದ ಸಾಲಿನಲ್ಲಿ ಹೇಳೋ ರೇಟಿಗಿಂತ ಕಾಲು ಭಾಗ ಕಮ್ಮಿ. ಹಿಂದುಗಡೆ ಯಾರೂ ಮನೆ ಕಟ್ಟೋ ಹಾಗಿಲ್ವಂತೆ, ಗಾಳಿ ಬೆಳಕು ಚೆನ್ನಾಗಿ ಬರುತ್ತೆ” ಅಂದಳು. ಹಿಂದುಗಡೆ ಯಾಕೆ ಕಟ್ಟೋ ಹಾಗಿಲ್ಲ ಎಂದು ಅವಳೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅವಳ ಗಂಡ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವವರು. ಹದಿನಾಲ್ಕು ವರ್ಷ ಬಾಡಿಗೆ ಮನೆಯಲ್ಲಿದ್ದು, ಚೀಟಿ ಹಾಕಿ, ಎರಡು ಬಳೆ ಅಡವಿಟ್ಟು ಕೂಡಿಸಿದ ದುಡ್ಡು. ಐವತ್ತು ಸಾವಿರ ಮುಂಗಡ ಆಗಲೇ ಕೊಟ್ಟಾಗಿತ್ತು.

ಒಂದು ಭಾನುವಾರ ನೋಡಲು ಹೋದೆವು. ಬಡಾವಣೆಯ ಹೆಸರು ಇಲ್ಲಿ ಬೇಡ. ಕೆಂಪು ಮಣ್ಣಿನ ರಸ್ತೆ, ಸುಣ್ಣ ಬಳಿದ ಕಲ್ಲುಗಳು, ಬಾಗಿಲಲ್ಲಿ ಒಂದು ಕಮಾನು. ಸೈಟಿನ ಹಿಂದೆ ಉದ್ದಕ್ಕೂ ಒಂದು ಖಾಲಿ ಪಟ್ಟಿ, ಅದರಲ್ಲಿ ಹುಲ್ಲು ಬೆಳೆದಿತ್ತು. ನಕ್ಷೆಯಲ್ಲಿ ಅದಕ್ಕೆ ‘ಉದ್ಯಾನ’ ಎಂದು ಹಸಿರು ಬಣ್ಣ ತುಂಬಿದ್ದರು. ದೂರದಲ್ಲಿ ಒಂದು ಗಿಡ್ಡ ಕಂಬ, ಅದಕ್ಕೊಂದು ಫಲಕ. ಬಿಸಿಲಿಗೆ ಅಕ್ಷರ ಮಾಸಿತ್ತು. ಅದೇನು ಎಂದು ಕೇಳಿದೆ. ಏಜೆಂಟ್ ಹುಡುಗ ನಗುತ್ತಾ, “ಕಾವೇರಿ ನೀರಿನ ಪೈಪು ಮೇಡಂ. ಒಳ್ಳೇದೇ ಆಯ್ತಲ್ಲ, ಮುಂದೆ ನೀರಿನ ತೊಂದರೆ ಇಲ್ಲ” ಅಂದ.

ನಂಬುವ ಹಾಗೇ ಇತ್ತು ಮಾತು. ಕಾವೇರಿ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಗಿ, ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ನೀರು ಕೊಡಲೆಂದು ಹೊರವಲಯದಲ್ಲೆಲ್ಲ ರಸ್ತೆ ಅಗೆದು ಕೊಳವೆ ಹಾಕಿದ್ದನ್ನು ಎಲ್ಲರೂ ಕಂಡಿದ್ದೇವೆ. ಆದರೆ ನಮ್ಮ ಬೀದಿಯಲ್ಲಿ ಸರ್ವೆ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಸಂಜೆ ಅವರ ಮನೆಗೆ ಕುಂಕುಮಕ್ಕೆ ಹೋದಾಗ ಮಾತಿಗೆ ಮಾತು ಬಂದು ಈ ಸೈಟಿನ ವಿಚಾರ ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟರು. “ದೇವನಗೊಂದಿ ಎಷ್ಟು ದೂರ ಆಗತ್ತಮ್ಮ ಅಲ್ಲಿಂದ?” ಎಂದು ಕೇಳಿದರು.

ದೇವನಗೊಂದಿ ಎಂದರೆ ವೈಟ್‌ಫೀಲ್ಡ್ ದಾಟಿ ರೈಲಿನಲ್ಲಿ ಮಾಲೂರು ಕಡೆ ಹೋಗುವಾಗ ಸಿಗುವ ನಿಲ್ದಾಣ. ಅಲ್ಲಿ ಎಣ್ಣೆ ಕಂಪೆನಿಗಳ ದೊಡ್ಡ ದೊಡ್ಡ ಟ್ಯಾಂಕುಗಳಿವೆ. ಮಂಗಳೂರಿನ ತೈಲ ಶುದ್ಧೀಕರಣ ಕಾರ್ಖಾನೆಯಿಂದ ಘಟ್ಟ ಹತ್ತಿ, ಹಾಸನ ಹಾದು, ಸುಮಾರು 360 ಕಿಲೋಮೀಟರ್ ಕೊಳವೆಯಲ್ಲೇ ಹರಿದು ಪೆಟ್ರೋಲು, ಡೀಸೆಲ್ಲು ಅಲ್ಲಿಗೆ ಬರುತ್ತದೆ. ಆ ಕೊಳವೆ ಶುರುವಾದದ್ದು 2003ರಲ್ಲಿ. ಚೆನ್ನೈ ಕಡೆಯಿಂದಲೂ ಅಲ್ಲಿಗೇ ಇನ್ನೊಂದು ಬರುತ್ತದೆ. ಮಹಾರಾಷ್ಟ್ರದ ದಾಭೋಳದಿಂದ ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರು ದಾರಿಯಾಗಿ ಬೆಂಗಳೂರಿಗೆ ನೈಸರ್ಗಿಕ ಅನಿಲ ತರುವ ಕೊಳವೆ 2013ರಲ್ಲಿ ಕೆಲಸ ಆರಂಭಿಸಿತು. ಇಂದು ಪೀಣ್ಯದ ಕಾರ್ಖಾನೆಗೂ, ಬೆಂಗಳೂರಿನ ಎಷ್ಟೋ ಅಡುಗೆಮನೆಗೂ ಬರುವ ಅನಿಲ ಹೀಗೆ ಬಂದದ್ದು. ಸೋಲೂರಿಗೆ ಮಂಗಳೂರಿನಿಂದ ಸಿಲಿಂಡರಿಗೆ ತುಂಬುವ ಅಡುಗೆ ಅನಿಲವೂ ಕೊಳವೆಯಲ್ಲೇ ಬರುತ್ತದೆ. ಒಟ್ಟಿನಲ್ಲಿ ಬೆಂಗಳೂರಿನ ಸುತ್ತ ನೆಲದಡಿ ಇಂಥ ಸಾಲುಗಳು ಬೇಕಾದಷ್ಟಿವೆ. ಮೇಲೆ ನೋಡಿದರೆ ರಾಗಿ ಹೊಲ, ನೀಲಗಿರಿ ತೋಪು, ಈಚೀಚೆಗೆ ಸೈಟು.

ಇನ್ನು ಕಾನೂನಿಗೆ ಬರೋಣ. ಹೆದರಬೇಡಿ, ನಾನು ಓದಿದ್ದು ಎಸ್.ಎಸ್.ಎಲ್.ಸಿ. ತನಕ. ನನಗೆ ತಿಳಿದದ್ದು ನಿಮಗೂ ತಿಳಿದೀತು.

ಎಣ್ಣೆ, ಅನಿಲದ ಕೊಳವೆ ಹಾಕಲು ಸರ್ಕಾರ ಜಮೀನನ್ನು ಪೂರ್ತಿ ವಶಪಡಿಸಿಕೊಳ್ಳುವುದಿಲ್ಲ. 1962ರ ಒಂದು ಕೇಂದ್ರ ಕಾಯಿದೆಯ ಪ್ರಕಾರ ‘ಬಳಕೆಯ ಹಕ್ಕು’ ಮಾತ್ರ ತೆಗೆದುಕೊಳ್ಳುತ್ತದೆ. ಅಂದರೆ ಜಮೀನು ನಿಮ್ಮದೇ, ಪಹಣಿಯೂ ನಿಮ್ಮದೇ, ಕಂದಾಯವೂ ನಿಮ್ಮದೇ. ಆದರೆ ಅದರೊಳಗೆ ಕೊಳವೆ ಇಡುವ, ಬಂದು ನೋಡುವ, ರಿಪೇರಿ ಮಾಡುವ ಹಕ್ಕು ಅವರದು. ಹಿತ್ತಲಲ್ಲಿ ಪಕ್ಕದ ಮನೆಯವರಿಗೆ ಓಡಾಡಲು ದಾರಿ ಬಿಟ್ಟ ಹಾಗೆ ಎಂದಿಟ್ಟುಕೊಳ್ಳಿ. ಜಾಗ ನಮ್ಮದಾದರೂ ಅಲ್ಲಿ ಗೋಡೆ ಎಬ್ಬಿಸುವಂತಿಲ್ಲ.

ಆ ಪಟ್ಟಿಯಲ್ಲಿ ಏನು ಮಾಡಬಾರದು ಎಂಬುದನ್ನು ಕಾಯಿದೆಯ 9ನೇ ಸೆಕ್ಷನ್ ಹೇಳುತ್ತದೆ. ಮನೆಯಾಗಲಿ ಬೇರೆ ಯಾವ ಕಟ್ಟಡವಾಗಲಿ ಕಟ್ಟಬಾರದು. ಕೆರೆ, ಬಾವಿ, ನೀರಿನ ತೊಟ್ಟಿ, ಕಟ್ಟೆ ತೋಡಬಾರದು. ಮರ ನೆಡಬಾರದು. ಕೊಳವೆಗೆ ಪೆಟ್ಟಾಗುವ ಯಾವ ಕೆಲಸವನ್ನೂ ತಾನೂ ಮಾಡಬಾರದು, ಬೇರೆಯವರಿಗೂ ಬಿಡಬಾರದು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಕಾಂಪೌಂಡ್ ಗೋಡೆ ಇಲ್ಲ, ಸಂಪು ಇಲ್ಲ, ಶೌಚದ ಗುಂಡಿ ಇಲ್ಲ, ಕೊಳವೆಬಾವಿ ಇಲ್ಲ, ದನದ ಕೊಟ್ಟಿಗೆ ಇಲ್ಲ, ತೆಂಗಿನ ಸಸಿಯೂ ಇಲ್ಲ. ಹಿತ್ತಲಿಗೊಂದು ನುಗ್ಗೆ, ಒಂದು ಕರಿಬೇವು ಎಂದು ಕನಸು ಕಾಣುತ್ತೇವಲ್ಲ, ಅದೂ ಇಲ್ಲ. ಮೊದಲಿನಿಂದ ರಾಗಿ, ಅವರೆ, ಹುರುಳಿ, ಸೊಪ್ಪು, ಹೂವು ಬೆಳೆಯುತ್ತಿದ್ದರೆ ಮುಂದುವರಿಸಬಹುದು. ಮರದ ಬೇರು ಆಳಕ್ಕೆ ಇಳಿದು ಕೊಳವೆಯ ಮೇಲಿನ ಹೊದಿಕೆಯನ್ನು ಕೆಡಿಸುತ್ತದೆ, ರಾಗಿಯ ಬೇರಿನಿಂದ ಆ ಭಯವಿಲ್ಲ.

ಮೀರಿ ಕಟ್ಟಿದರೆ? ಜಿಲ್ಲಾ ನ್ಯಾಯಾಧೀಶರ ಮುಂದೆ ಅರ್ಜಿ ಹೋಗುತ್ತದೆ, ವಿಚಾರಣೆ ಆಗುತ್ತದೆ, ಕಟ್ಟಿದ್ದನ್ನು ಕೆಡವಿಸುತ್ತಾರೆ. ಕೆಡವಿದ ಖರ್ಚೂ ನಮ್ಮದೇ! ಕೊಳವೆಗೆ ಬೇಕೆಂದೇ ಹಾನಿ ಮಾಡಿದರೆ ಕಠಿಣ ಸಜೆ ಉಂಟು. ಎಣ್ಣೆ ಕದಿಯುವವರ ಕಾಟ ಹೆಚ್ಚಾದ ಮೇಲೆ 2011ರಲ್ಲಿ ತಿದ್ದುಪಡಿ ತಂದು ಆ ಶಿಕ್ಷೆಯನ್ನು ಇನ್ನೂ ಬಿಗಿ ಮಾಡಿದರು. “ನಾನು ಆಮೇಲೆ ಕೊಂಡವಳು, ನನಗೆ ಗೊತ್ತಿರಲಿಲ್ಲ” ಎಂಬ ಮಾತು ಇಲ್ಲಿ ನಡೆಯದು. ನಿರ್ಬಂಧ ಇರುವುದು ಜಮೀನಿಗೆ. ಅದು ಯಾರ ಕೈಗೆ ಹೋದರೂ ಅವರ ಜೊತೆಗೇ ಹೋಗುತ್ತದೆ, ಮದುವೆಯಾದ ಹುಡುಗಿಯ ಹಿಂದೆ ತವರಿನ ಸಾಲ ಬಂದ ಹಾಗೆ.

ಹಾಗೆಂದು ಕಾಯಿದೆ ಎಲ್ಲವನ್ನೂ ಕಂಪೆನಿಯ ಕಡೆಗೇ ಬರೆದಿಲ್ಲ. ಅಧಿಸೂಚನೆ ಹೊರಡುವ ಮೊದಲೇ ವಾಸಕ್ಕೆ ಬಳಸುತ್ತಿದ್ದ ಜಾಗ, ಆಗಲೇ ಕಾಯಂ ಕಟ್ಟಡವಿದ್ದ ಜಾಗ, ಮನೆಗೆ ಸೇರಿದ ಅಂಗಳ ಹಿತ್ತಲು, ಇವುಗಳ ಕೆಳಗೆ ಕೊಳವೆ ಹಾಕುವಂತಿಲ್ಲ. ಮೇಲಿನಿಂದ ಒಂದು ಮೀಟರಿಗಿಂತ ಕಡಿಮೆ ಆಳದಲ್ಲೂ ಹಾಕುವಂತಿಲ್ಲ. ಒಂದು ಮೀಟರ್ ಎಂದರೆ ಮೂರೂಕಾಲು ಅಡಿ. ನೇಗಿಲಿಗೆ ಅದು ಬಹಳ ಆಳ, ಜೆ.ಸಿ.ಬಿ. ಯಂತ್ರಕ್ಕೆ ಒಂದೇ ಬಾಚು! ಸಾಮಾನ್ಯ ಮನೆಯ ಪಾಯವೇ ನಾಲ್ಕೈದು ಅಡಿ ಹೋಗುತ್ತದೆ. ಹೊಲವಾಗಿದ್ದಷ್ಟು ದಿನ ನೆಮ್ಮದಿಯಾಗಿದ್ದ ಕೊಳವೆಗೆ ಬಡಾವಣೆ ಬಂದ ಕೂಡಲೇ ಅಪಾಯ ಯಾಕೆ ಎಂದು ಈಗ ತಿಳಿಯಿತಲ್ಲ.

ಈ ಪಟ್ಟಿಯ ಅಗಲ ಎಷ್ಟಿರುತ್ತದೆ? ಕೊಳವೆಯ ಗಾತ್ರದ ಮೇಲೆ ಹೋಗುತ್ತದೆ. 18 ಮೀಟರ್, 20 ಮೀಟರ್ ಸಾಮಾನ್ಯ. ಸರಿಯಾದ ಅಳತೆ ಗೆಜೆಟ್ ಅಧಿಸೂಚನೆಯಲ್ಲಿ ಊರು, ಸರ್ವೆ ನಂಬರು ಸಮೇತ ಹೆಕ್ಟೇರು, ಆರು, ಚದರ ಮೀಟರಿನ ಲೆಕ್ಕದಲ್ಲಿ ಇರುತ್ತದೆ. 18 ಮೀಟರ್ ಅಂದರೆ 59 ಅಡಿ. ನಮ್ಮ ಮೂವತ್ತು-ನಲವತ್ತರ ಸೈಟು ಉದ್ದವಾಗಿ ಮಲಗಿದರೂ ಅದರೊಳಗೆ ಮುಳುಗಿಹೋಗುತ್ತದೆ.

ಆ ಹಿರಿಯರು ಪುಣ್ಯಾತ್ಮರು, ಮುಂದಿನ ಭಾನುವಾರ ಟೇಪು ಹಿಡಿದುಕೊಂಡು ನಮ್ಮ ಜೊತೆ ಬಂದರು. ಫಲಕದ ಮೇಲಿದ್ದ ನಂಬರಿಗೆ ಮೊದಲೇ ಫೋನ್ ಮಾಡಿದ್ದರಿಂದ ದಿನವೂ ಕೊಳವೆಯ ದಾರಿಯಲ್ಲಿ ನಡೆದು ನೋಡಿಕೊಳ್ಳುವ ಕಾವಲಿನವನೂ ಬಂದಿದ್ದ. ಅವರಿಬ್ಬರೂ ಅಳೆದರು. ಕಲ್ಲು ನೆಟ್ಟಿದ್ದೇ ತಪ್ಪು ಜಾಗದಲ್ಲಿ. ಹಕ್ಕಿನ ಪಟ್ಟಿಯ ಅಂಚು ಸೈಟಿನೊಳಗೆ 17 ಅಡಿ ಬಂದಿತ್ತು. 1200 ಚದರ ಅಡಿಯಲ್ಲಿ 510 ಅಡಿ ಹೋಯಿತು. ಉಳಿದ 690ರಲ್ಲಿ ಮುಂದೆ ಪಕ್ಕ ಬಿಡಬೇಕಾದ ಜಾಗ ಬಿಟ್ಟರೆ ಒಂದು ಕೋಣೆ, ಒಂದು ಅಡುಗೆಮನೆ ಎದ್ದರೆ ಹೆಚ್ಚು. ಕೊಡುವ ದುಡ್ಡು ಮಾತ್ರ 1200 ಅಡಿಗೆ! ಕಾಲು ಭಾಗ ಅಗ್ಗ ಎಂದುಕೊಂಡಿದ್ದು ಸುಮಾರು ಶೇಕಡ 30ರಷ್ಟು ದುಬಾರಿಯಾಗಿತ್ತು. ತಂಗಿ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳು. ನಕ್ಷೆಯ ‘ಉದ್ಯಾನ’ದಲ್ಲಿ ಒಂದು ಮರವನ್ನೂ ನೆಡುವಂತಿಲ್ಲ ಎಂದು ತಿಳಿದಾಗ ನನಗೆ ನಗುವೂ ಬಂತು, ಸಿಟ್ಟೂ ಬಂತು.

“ಅಯ್ಯೋ, ಭೂಮಿಯೊಳಗೆ ಇದ್ದರೆ ಇರಲಿ ಬಿಡಿ, ನಮಗೇನು ಮಾಡುತ್ತೆ” ಎನ್ನುವವರಿಗಾಗಿ ಒಂದು ಮಾತು. ಆಂಧ್ರಪ್ರದೇಶದ ಪೂರ್ವ ಗೋದಾವರಿ ಜಿಲ್ಲೆಗೆ ಆಗ ಸೇರಿದ್ದ ನಗರಂ ಎಂಬ ಊರಿನಲ್ಲಿ 2014ರ ಜೂನ್ 27ರ ಬೆಳಗಿನ ಜಾವ ಅನಿಲದ ಕೊಳವೆ ಸೋರಿ, ಎಲ್ಲೋ ಒಂದು ಕಿಡಿ ತಾಗಿ, ಮನೆ, ಅಂಗಡಿ, ತೆಂಗಿನ ತೋಟ ಉರಿದುಹೋದವು. 20ಕ್ಕೂ ಹೆಚ್ಚು ಜನ ಸತ್ತರು. ಎದ್ದು ಒಲೆ ಹಚ್ಚುವ ಹೊತ್ತು ಅದು. ಕೊಳವೆಯ ಮಗ್ಗುಲಲ್ಲೇ ಜನ ವಾಸವಿದ್ದರು. ಆ ದಿನ ಟಿ.ವಿ.ಯಲ್ಲಿ ಕಂಡ ಸುಟ್ಟ ಗುಡಿಸಲುಗಳನ್ನು ನಾನು ಇನ್ನೂ ಮರೆತಿಲ್ಲ.

ಇಲ್ಲಿ ಒಂದು ಸಂಗತಿ ಹೆಣ್ಣುಮಕ್ಕಳಿಗೆ ತಿಳಿದಿರಲೇಬೇಕು. ಅನಿಲ ಸೋರಿದರೆ ವಾಸನೆ ಬರುತ್ತದೆ ಎಂದು ನಾವು ನಂಬಿದ್ದೇವೆ. ನೈಸರ್ಗಿಕ ಅನಿಲಕ್ಕೆ ತನ್ನದೇ ವಾಸನೆಯಿಲ್ಲ. ಮನೆಗೆ ಕೊಡುವ ಮೊದಲು ನಾರುವ ವಸ್ತು ಬೆರೆಸುತ್ತಾರೆ. ದೂರದಿಂದ ಬರುವ ದೊಡ್ಡ ಕೊಳವೆಯಲ್ಲಿ ಅದು ಬೆರೆಯದೆ ಇರಬಹುದು. ಆದ್ದರಿಂದ ಅಲ್ಲಿ ಮೂಗನ್ನು ನಂಬಬಾರದು. ಹಾವು ಬುಸುಗುಟ್ಟಿದಂಥ ಸದ್ದು, ಒಣ ನೆಲದಲ್ಲಿ ಮಣ್ಣು ಎದ್ದು ಹಾರುವುದು, ನಿಂತ ನೀರಿನಲ್ಲಿ ಗುಳ್ಳೆ, ಸುತ್ತ ಹಸಿರಿದ್ದು ನಡುವೆ ಮಾತ್ರ ಹುಲ್ಲು ಒಣಗಿದ್ದು, ಇಂಥದ್ದು ಕಂಡರೆ ಗಾಳಿ ಬರುವ ಕಡೆಗೆ ದೂರ ಹೋಗಿ. ಬೀಡಿ, ಬೆಂಕಿಕಡ್ಡಿ, ಸ್ಕೂಟರ್ ಯಾವುದೂ ಬೇಡ. ಮೊಬೈಲನ್ನೂ ದೂರ ಹೋದ ಮೇಲೇ ತೆಗೆಯಿರಿ. ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಮೇಲೆ ಹೋಗುತ್ತದೆ. ಸಿಲಿಂಡರಿನ ಅನಿಲ ಭಾರ, ಹಳ್ಳ, ಚರಂಡಿ, ಸಂಪಿನಲ್ಲಿ ಇಳಿದು ಕೂರುತ್ತದೆ. ಅಂಥ ಕೊಳವೆಯ ಹತ್ತಿರ ತಗ್ಗಿನಲ್ಲಿ ನಿಲ್ಲಬಾರದು.

ಇಷ್ಟು ಕೊಳ್ಳುವವರ ಮಾತಾಯಿತು. ಊರಲ್ಲಿ ಜಮೀನಿರುವ ಸೋದರಿಯರೂ ಈ ಪತ್ರಿಕೆ ಓದುತ್ತೀರಿ. ನಾಳೆ ನಿಮ್ಮ ಹೊಲದಲ್ಲೇ ಕೊಳವೆ ಹೋಗುತ್ತದೆ ಎಂದು ನೋಟೀಸು ಬಂದರೆ?

ಅಧಿಸೂಚನೆಯ ಪ್ರತಿ ಸಾರ್ವಜನಿಕರಿಗೆ ಸಿಕ್ಕ ದಿನದಿಂದ 21 ದಿನದೊಳಗೆ ಸಕ್ಷಮ ಪ್ರಾಧಿಕಾರಿಗೆ ಬರಹದಲ್ಲಿ ಆಕ್ಷೇಪಣೆ ಕೊಡಬಹುದು. ಖುದ್ದಾಗಿ ಹೇಳಲೂ ಅವಕಾಶ ಉಂಟು. ಬಾವಿಯ ಮೇಲೇ ಗುರುತು ಹಾಕಿದ್ದಾರೆ, ಮನೆಯ ಅಂಗಳ ಹೊಡೆದಿದ್ದಾರೆ, ಬದುವಿನ ಪಕ್ಕಕ್ಕೆ ಸರಿಸಿದರೆ ತೋಟ ಉಳಿಯುತ್ತದೆ ಎಂದು ಈ ಹಂತದಲ್ಲೇ ಹೇಳಬೇಕು. ಅಡುಗೆಮನೆಯ ಗೂಡಿನಲ್ಲಿ ನೋಟೀಸು ಸಿಕ್ಕಿಸಿ ಮರೆತರೆ ಮೂರು ವಾರ ಕಳೆಯಲು ಎಷ್ಟು ಹೊತ್ತು! ಪರಿಹಾರ ಎರಡು ಬಗೆ. ಹಾಳಾದ ಬೆಳೆ, ಕಡಿದ ಮರ, ಕೆಟ್ಟ ಬದು, ಇವಕ್ಕೆ ಆದ ನಷ್ಟ ಒಂದು. ಬಳಕೆಯ ಹಕ್ಕಿಗಾಗಿ ಆ ಪಟ್ಟಿಯ ಮಾರುಕಟ್ಟೆ ಬೆಲೆಯ ಶೇಕಡ 10 ಇನ್ನೊಂದು, ಅದೂ ಮೊದಲ ಅಧಿಸೂಚನೆಯ ದಿನದ ಬೆಲೆ. ಪಟ್ಟಿ 10 ಗುಂಟೆ ಆಯಿತು, ಗುಂಟೆಗೆ 1 ಲಕ್ಷ ಬೆಲೆ ಎಂದಿಟ್ಟುಕೊಂಡರೆ ಹಕ್ಕಿಗೆ ಸಿಗುವುದು 1 ಲಕ್ಷ. ಒಪ್ಪಿಗೆಯಾಗದಿದ್ದರೆ ಜಿಲ್ಲಾ ನ್ಯಾಯಾಧೀಶರ ಬಳಿ ಹೋಗಬಹುದು. ಮುಂದೆಂದೂ ಮನೆ ಕಟ್ಟಲಾಗದ, ಸೈಟು ಮಾಡಲಾಗದ ನೆಲಕ್ಕೆ ಹತ್ತನೇ ಒಂದು ಪಾಲು ಸಾಕೆ? ನನ್ನನ್ನು ಕೇಳಿದರೆ ಸಾಲದು. ಬೆಂಗಳೂರಿನ ಅಂಚಿನಲ್ಲಂತೂ ಏನೇನೂ ಸಾಲದು.

ನಮ್ಮ ಎಲೆಕ್ಟ್ರಾನಿಕ್ ಸಿಟಿಯಿಂದ ಗಡಿ ದಾಟಿದರೆ ಸಿಗುವ ಕೃಷ್ಣಗಿರಿ ಜಿಲ್ಲೆಯೂ ಸೇರಿ ತಮಿಳುನಾಡಿನ ಏಳು ಜಿಲ್ಲೆಗಳ ರೈತರು ಇದನ್ನೇ ಕೇಳಿದ್ದು. ಕೊಚ್ಚಿಯಿಂದ ಬೆಂಗಳೂರಿಗೆ ಬರಬೇಕಿದ್ದ ಅನಿಲದ ಕೊಳವೆಯನ್ನು ಹೊಲದಲ್ಲಿ ಬೇಡ, ಹೆದ್ದಾರಿಯ ಪಕ್ಕ ಹಾಕಿ ಎಂದು ಹಟ ಹಿಡಿದರು. 2013ರಲ್ಲಿ ಅವರ ಸರ್ಕಾರವೂ ರೈತರ ಪರ ನಿಂತಿತು. ಹೈಕೋರ್ಟು ಒಪ್ಪಲಿಲ್ಲ. 2016ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ಅದೇ ಯೋಜನೆಯ ಕೊಚ್ಚಿ–ಮಂಗಳೂರು ಕೊಳವೆ, 450 ಕಿಲೋಮೀಟರ್, ಕಾಸರಗೋಡಿನ ಮೇಲೆ ಹಾದು 2021ರ ಜನವರಿಯಲ್ಲಿ ಉದ್ಘಾಟನೆಯಾಯಿತು.

ಪರಿಹಾರದ ವಿಷಯದಲ್ಲಿ ಹೆಂಗಸರು ಸೋಲುವುದು ಇನ್ನೊಂದು ಕಡೆ. ನೋಟೀಸು ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಮಾವ ತೀರಿಕೊಂಡು ಹತ್ತು ವರ್ಷವಾದರೂ ಪೌತಿ ಖಾತೆ ಮಾಡಿಸಿರುವುದಿಲ್ಲ. ಸತ್ತವರ ಹೆಸರಿಗೆ ಬಂದ ಕಾಗದ ದೊಡ್ಡ ಮೈದುನನ ಕೈ ಸೇರುತ್ತದೆ, ದುಡ್ಡೂ ಅಲ್ಲೇ ನಿಲ್ಲುತ್ತದೆ. ವಿಧವೆ ಸೊಸೆ, ಕೊಟ್ಟ ಹೆಣ್ಣುಮಕ್ಕಳು ಕೇಳುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಕಾಯಿದೆಯಲ್ಲಿ ಮಾಲೀಕರಿಗೆ ಮಾತ್ರವಲ್ಲ, ಆ ಜಮೀನಿನ ಅನುಭವದ ಹಕ್ಕಿಗೆ ಧಕ್ಕೆಯಾದ ಬೇರೆಯವರಿಗೂ ಪರಿಹಾರ ಉಂಟು ಎಂದು ಬರೆದಿದೆ. ಗುತ್ತಿಗೆಗೆ ಉಳುವವರೂ ಇದರಲ್ಲಿ ಬರುತ್ತಾರೆ. ಆದರೆ ಹೆಸರು ಕಾಗದದಲ್ಲಿ ಇದ್ದರೆ ಕೇಳುವುದು ಸುಲಭ. ಪೌತಿ ಖಾತೆ ಈ ತಿಂಗಳೇ ಮಾಡಿಸಿ, ಮನಸ್ತಾಪವಾದರೂ ಚಿಂತೆಯಿಲ್ಲ.

ಸೈಟು ಕೊಳ್ಳುವಾಗ ಏನು ನೋಡಬೇಕು ಎಂದು ಆ ಹಿರಿಯರು ನನಗೆ ಹೇಳಿದ್ದನ್ನು ಬರೆದು ಮುಗಿಸುತ್ತೇನೆ. ಏಜೆಂಟು ತೋರಿಸುವುದು ಸೈಟಿನ ಖಾತೆ ಮತ್ತು ಬಣ್ಣದ ನಕ್ಷೆ. ಅದರಲ್ಲಿ ಕೊಳವೆಯ ಸುಳಿವು ಇರುವುದಿಲ್ಲ. ಜಮೀನು ಭೂಪರಿವರ್ತನೆಯಾಗಿ ಸೈಟುಗಳಾಗಿ ಒಡೆಯುವ ಮೊದಲು ಅದು ಒಂದು ಸರ್ವೆ ನಂಬರಾಗಿತ್ತಲ್ಲ, ಆ ಮೂಲ ಸರ್ವೆ ನಂಬರಿನ ಹಳೆಯ ಪಹಣಿ ಕೇಳಿ. ಅದರ 11ನೇ ಅಂಕಣದಲ್ಲಿ ಇತರ ಹಕ್ಕು, ಋಣಗಳನ್ನು ಬರೆಯುತ್ತಾರೆ. ಬಳಕೆಯ ಹಕ್ಕು ದಾಖಲಾಗಿದ್ದರೆ ಅಲ್ಲಿ ಸಿಗುತ್ತದೆ. ದಾಖಲಿಸದೆ ಬಿಟ್ಟಿರುವುದೂ ಉಂಟು, ಆದ್ದರಿಂದ ಅಷ್ಟಕ್ಕೇ ನಿಲ್ಲಬೇಡಿ. ಇ.ಸಿ. ಚೊಕ್ಕಟವಾಗಿದೆ ಎಂದು ಹಿಗ್ಗಬೇಡಿ. ಅದರಲ್ಲಿ ಬರುವುದು ನೋಂದಣಿಯಾದ ಕ್ರಯ, ಅಡಮಾನ. ಗೆಜೆಟ್ಟಿನ ಮೂಲಕ ಬಂದ ಹಕ್ಕು ಅಲ್ಲಿ ಕಾಣದೇ ಇರಬಹುದು. ಸರ್ವೆ ಇಲಾಖೆಯ ‘ದಿಶಾಂಕ್’ ಎಂಬ ಆ್ಯಪನ್ನು ಮೊಬೈಲಿಗೆ ಹಾಕಿಕೊಂಡು ಸೈಟಿನಲ್ಲಿ ನಿಂತರೆ ನೀವು ನಿಂತಿರುವ ಸರ್ವೆ ನಂಬರು ಯಾವುದೆಂದು ತಿಳಿಯುತ್ತದೆ. ನಮ್ಮ ಏಜೆಂಟು ಹೇಳಿದ ನಂಬರೇ ಬೇರೆ ಇತ್ತು! ಆ ನಂಬರು ಹಿಡಿದು ಕೊಳವೆಯ ಕಂಪೆನಿಗೆ ಒಂದು ಅರ್ಜಿ ಬರೆದು, ನಿಮ್ಮ ಹಕ್ಕಿನ ಪಟ್ಟಿ ಇಲ್ಲಿ ಬರುತ್ತದೆಯೆ ಎಂದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಬಾಯಿಮಾತು ಬೇಡ. ಮೈಲಿಗಲ್ಲಿನಂಥ ಗುರುತುಕಲ್ಲು, ಫಲಕ ಎಲ್ಲಾದರೂ ಕಂಡರೆ ಒಂದರಿಂದ ಮುಂದಿನದಕ್ಕೆ ಕಣ್ಣಲ್ಲೇ ಗೆರೆ ಎಳೆದು ನೋಡಿ. ಅವನ್ನು ರಾತ್ರೋರಾತ್ರಿ ಕಿತ್ತು ಹಾಕುವವರೂ ಇದ್ದಾರೆ.

ಮೇಲೆ ಹೋಗುವ ದೊಡ್ಡ ವಿದ್ಯುತ್ ತಂತಿಗೂ ಹೀಗೇ ಪಟ್ಟಿ ಉಂಟು. 66 ಕೆ.ವಿ. ಮಾರ್ಗಕ್ಕೆ ಸಾಮಾನ್ಯವಾಗಿ 18 ಮೀಟರ್, 220 ಕೆ.ವಿ.ಗೆ 35 ಮೀಟರ್. ಅದಕ್ಕೆ ಕಾನೂನು ಬೇರೆ. ಕಣ್ಣಿಗೆ ಕಾಣುವುದರಿಂದ ಮೋಸ ಸ್ವಲ್ಪ ಕಮ್ಮಿ, ಅಷ್ಟೆ.

ಈಗಾಗಲೇ ಮನೆಯಿರುವವರೂ ಒಂದಿಷ್ಟು ಎಚ್ಚರ ವಹಿಸಬೇಕು. ಹೊರವಲಯದ ಬೀದಿಗಳಲ್ಲಿ ಅಡುಗೆಗೆ ಅನಿಲದ ಸಣ್ಣ ಪ್ಲಾಸ್ಟಿಕ್ ಕೊಳವೆ ಬಂದಿದೆ. ಗೇಟಿನ ಮುಂದೆ ಇಂಗುಗುಂಡಿ ತೋಡಿಸುವಾಗ, ನಲ್ಲಿ ಸಂಪರ್ಕಕ್ಕೆ ಅಗೆಸುವಾಗ ಕೂಲಿಯವರಿಗೆ ಮೊದಲೇ ಹೇಳಿ. ಮಣ್ಣಿನಲ್ಲಿ ಎಚ್ಚರಿಕೆಯ ಪಟ್ಟಿ ಸಿಕ್ಕಿತೆಂದರೆ ಹಾರೆ ಅಲ್ಲಿಗೇ ನಿಲ್ಲಬೇಕು. ಅಗೆಯುವ ಸಂಸ್ಥೆಗಳು ಮುಂಚೆಯೇ ತಿಳಿಸಲೆಂದು 2023ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪನ್ನೂ ತಂದಿದೆ. ಅಡುಗೆಮನೆಗೆ ಬಂದ ಕೊಳವೆಯನ್ನು ಅಂದಕ್ಕಾಗಿ ಮರದ ಕಪಾಟಿನೊಳಗೆ ಮುಚ್ಚಿಸಬೇಡಿ. ಸೋರಿದರೆ ಅನಿಲ ಒಳಗೇ ತುಂಬಿಕೊಳ್ಳುತ್ತದೆ.

ತಂಗಿಯ ಮುಂಗಡ ಏನಾಯಿತು ಎಂದು ಕೇಳುತ್ತೀರಿ. ನಾಲ್ಕು ತಿಂಗಳು ಓಡಾಡಿಸಿದರು. ಕಂಪೆನಿಯಿಂದ ಬಂದ ಉತ್ತರದ ನಕಲು ತೋರಿಸಿ, ವಕೀಲರಿಂದ ಒಂದು ನೋಟೀಸು ಕೊಡಿಸಿದ ಮೇಲೆ 40 ಸಾವಿರ ವಾಪಸು ಬಂತು. ಹತ್ತು ಸಾವಿರ ‘ಕಚೇರಿ ಖರ್ಚು’ ಎಂದು ಹಿಡಿದುಕೊಂಡರು. ಬಳೆ ಬಿಡಿಸಿಕೊಂಡಳು. ಇನ್ನೂ ಅದೇ ಬಾಡಿಗೆ ಮನೆಯಲ್ಲಿದ್ದಾಳೆ. ಭಾನುವಾರ ಸೈಟು ನೋಡಲು ಹೊರಟರೆ ಏಜೆಂಟನ್ನು ಮೊದಲು ಕೇಳುವುದು ಬೆಲೆಯನ್ನಲ್ಲ, “ಹಳೇ ಪಹಣಿ ತಂದಿದ್ದೀರಾ?” ಅಂತ. ಹೋದ ವಾರ ಒಬ್ಬ ಅದನ್ನು ಕೇಳಿ, ಈಗ ಬಂದೆ ಎಂದು ಹೋದವನು ಬರಲೇ ಇಲ್ಲವಂತೆ.